ಹುಳುಮನೆಯ ಬಾಗಿಲಲ್ಲಿದ್ದ ಬಯೋಡೇಟಾ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹನುಮಂತಯ್ಯನ ಮನೆ ಮುಂದೆ ಒಂದು ಬಿಳಿ ಕಾರು ನಿಂತಿತು. ಆರು ಜನ ಇಳಿದರು. ಅವರಲ್ಲಿ ಮೂವರು ಹೆಂಗಸರು. ಒಬ್ಬರ ಕೈಯಲ್ಲಿ ಹಣ್ಣಿನ ಚೀಲ ಇತ್ತು.

ಮನೆಯವರೆಲ್ಲ ಆಗ ಜಗುಲಿಯಲ್ಲಿ ಕೂತು ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಿದ್ದರು. ಮಾಗಡಿಯಿಂದ ರಾಮನಗರಕ್ಕೆ ಹೋಗುವ ರಸ್ತೆಯ ಪಕ್ಕದ ಊರು ಅದು. ಅಲ್ಲಿ ಗೂಡು ಬಿಡಿಸುವ ದಿನ ನೆಂಟರು ಬಂದರೂ ಅವರ ಮುಂದೆ ಒಂದು ಚಂದ್ರಿಕೆ ಇಡುತ್ತಾರೆ. ಆದರೆ ಬಂದವರಲ್ಲಿ ಹಿರಿಯರು, ನಿಮ್ಮ ಮಗಳ ಬಯೋಡೇಟಾ ನಮ್ಮ ಕೈಗೆ ಬಂತು, ಅದಕ್ಕೇ ಬಂದೆವು ಎಂದಾಗ ಹನುಮಂತಯ್ಯ ಎದ್ದು ಟವೆಲ್ಲು ಕೊಡವಿ ಕುರ್ಚಿ ಹಾಕಿದ. ಅಂತೂ ಯಾರೋ ಪುಣ್ಯಾತ್ಮರು ಕೆಲಸ ಕೊಡಲು ಮನೆಬಾಗಿಲಿಗೇ ಬಂದರು ಎಂದುಕೊಂಡ. ಹೆಂಡತಿ ಕಾವೇರಮ್ಮನಿಗೆ ಕಾಫಿಗಿಡಲು ಹೇಳಿದ.

ಮಗಳು ನವ್ಯಶ್ರೀ ಕಾಫಿ ತಂದಳು. ಲೋಟ ತೆಗೆದುಕೊಂಡ ಹೆಂಗಸು, "ಹುಡುಗಿ ಒಸಿ ಸೊರಗವ್ಳೆ. ಅಡುಗೆ ಎಲ್ಲಾ ಬತ್ತದಾ?" ಎಂದಳು.

ಹನುಮಂತಯ್ಯನಿಗೆ ಆಗ ಗೊತ್ತಾಯಿತು. ಇವರು ಬಂದಿರುವುದು ಹೆಣ್ಣು ನೋಡುವುದಕ್ಕೆ.

ತಪ್ಪು ಅವರದ್ದಲ್ಲ. ಹಿರಿಯರ ಜೇಬಿನಲ್ಲಿದ್ದ ಹಾಳೆಯನ್ನು ಹನುಮಂತಯ್ಯನೇ ಮೂರು ತಿಂಗಳ ಹಿಂದೆ ಮಾಗಡಿಯ ಒಂದು ಬೀಗರ ಊಟದಲ್ಲಿ ಯಾರಿಗೋ ಕೊಟ್ಟಿದ್ದ. ಮಗಳಿಗೊಂದು ಕೆಲಸ ನೋಡಿ ಎಂದೇ ಕೊಟ್ಟಿದ್ದ. ಆದರೆ ಹಾಳೆಯಲ್ಲಿ ಆ ಮಾತು ಇರಲಿಲ್ಲ. ಅದರ ನೆತ್ತಿಯಲ್ಲಿ ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ ಎಂದಿತ್ತು. ಕೆಳಗೆ ನವ್ಯಶ್ರೀಯ ಹೆಸರು, ಜನ್ಮನಕ್ಷತ್ರ, ಕನ್ಯಾ ರಾಶಿ, ಜಾತಿ, ಎತ್ತರ, ಗೋಧಿ ಬಣ್ಣ. ತಂದೆಗೆ ಎರಡು ಎಕರೆ ಮೂವತ್ತು ಗುಂಟೆ ಹಿಪ್ಪುನೇರಳೆ ತೋಟ, ಸ್ವಂತ ಬೋರ್‌ವೆಲ್. ಅಕ್ಕನಿಗೆ ಮದುವೆಯಾಗಿದೆ. ಕೊನೆಗೆ, ಬಿಎಸ್ಸಿ, ಶೇಕಡಾ ಎಪ್ಪತ್ತೊಂದು. ಅದರ ಕೆಳಗೆ ಅಪ್ಪನ ಫೋನ್ ನಂಬರ್.

ಮಾಗಡಿ ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬಯೋಡೇಟಾಕ್ಕೆ ಇದ್ದದ್ದು ಒಂದೇ ನಮೂನೆ. ಮದುವೆಗೂ ಅದೇ, ಕೆಲಸಕ್ಕೂ ಅದೇ. ಅಂಗಡಿಯವನು ಹೆಸರು ಬದಲಾಯಿಸಿ ಕೊಡುತ್ತಿದ್ದ. ಜಮೀನು, ಬೋರ್‌ವೆಲ್ ಎರಡನ್ನೂ ಹನುಮಂತಯ್ಯನೇ ಪಕ್ಕದಲ್ಲಿ ನಿಂತು ಸೇರಿಸಿದ್ದ. ಮಗಳನ್ನು ಯಾರೂ ಗತಿಯಿಲ್ಲದವಳು ಎಂದುಕೊಳ್ಳಬಾರದು ಎಂದು. ಅರವತ್ತು ಪ್ರತಿ ತೆಗೆಸಿದ್ದ. ಗೂಡು ಮಾರಲು ರಾಮನಗರಕ್ಕೆ ಹೋಗುವಾಗ, ಕೆಂಗಲ್ ಹನುಮಂತರಾಯನ ಗುಡಿಗೆ ಹೋಗುವಾಗ, ತಿಥಿಗೆ ಹೋಗುವಾಗ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮೂರು ನಾಲ್ಕು ಪ್ರತಿ ಇಟ್ಟುಕೊಂಡು ಹೋಗುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದವರು ಕಂಡರೆ ಒಂದು ಪ್ರತಿ ಕೊಡುತ್ತಿದ್ದ. ಎರಡೂವರೆ ವರ್ಷದಲ್ಲಿ ಐವತ್ತೆರಡು ಹಾಳೆ ಖರ್ಚಾಗಿದ್ದವು. ಒಂದು ಕೆಲಸವೂ ಬಂದಿರಲಿಲ್ಲ. ಕಾರು ಬಂತು.

ಬಂದವರನ್ನು ಮರ್ಯಾದೆಯಿಂದ ಕಳಿಸಿದರು. ಎದುರುಮನೆ ಗಂಗಯ್ಯ ಎಲ್ಲವನ್ನೂ ನೋಡುತ್ತಾ ನಿಂತಿದ್ದವನು, "ಡಿಗ್ರಿ ಓದ್ಸಿ ಹುಳ ಮೇಯ್ಸಕ್ಕೆ ಕೂರ್ಸಿದೀಯ. ಬಂದವ್ರನ್ನೂ ವಾಪಸ್ ಕಳುಸ್ತೀಯ. ಏನ್ ಲೆಕ್ಕಾಚಾರ ಕಣ್ಲಾ ನಿಂದು?" ಎಂದ. ಹನುಮಂತಯ್ಯ ಕುರ್ಚಿಗಳನ್ನು ಒಳಗಿಟ್ಟ.

ನವ್ಯಶ್ರೀ ಮತ್ತೆ ಚಂದ್ರಿಕೆಯ ಮುಂದೆ ಕೂತಳು. ಅವಳಿಗೆ ಇಪ್ಪತ್ತನಾಲ್ಕು. ಮಾಗಡಿಯ ಕಾಲೇಜಿನಲ್ಲಿ ಓದಿದವಳು. ಲ್ಯಾಬಿನಲ್ಲಿ ಕೆಲಸ ಮಾಡಬೇಕು ಎನ್ನುವುದು ಅವಳ ಒಂದೇ ಆಸೆ. ಮೊದಲ ವರ್ಷ ತಾನೂ ಮೊಬೈಲಿನಲ್ಲಿ ಕಂಡ ಕಂಡ ಜಾಗಕ್ಕೆಲ್ಲ ಅದೇ ಹಾಳೆಯ ಫೋಟೋ ಕಳಿಸಿದ್ದಳು. ಎಲ್ಲಿಂದಲೂ ಉತ್ತರ ಬರದಿದ್ದಾಗ ಕಳಿಸುವುದನ್ನೇ ಬಿಟ್ಟಿದ್ದಳು. ಆ ಸಂಜೆ ಗೂಡು ಬಿಡಿಸುತ್ತಲೇ ಅಮ್ಮನಿಗೆ ಹೇಳಿದಳು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ.

"ಅಮ್ಮಾ, ಇನ್ನೊಂದು ಬೆಳೆ ನೋಡ್ತೀನಿ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ನೀವು ಯಾರನ್ನ ತೋರ್ಸಿದ್ರೂ ಹೂಂ ಅಂತೀನಿ. ನಂಗೆ ಸಾಕಾಗೈತೆ."

ಹನುಮಂತಯ್ಯ ಬಾಗಿಲ ಆಚೆ ನಿಂತು ಅದನ್ನು ಕೇಳಿಸಿಕೊಂಡ. ಮಗಳು ಅತ್ತಿದ್ದರೆ ಅವನಿಗೆ ಸಮಾಧಾನ ಹೇಳಲು ಬರುತ್ತಿತ್ತು.

ಮಂಗಳವಾರ ರಾಮನಗರದ ಮಾರುಕಟ್ಟೆಯಲ್ಲಿ ಹರಾಜಿನ ಜಾಲರಿ ತಟ್ಟೆಗೆ ಗೂಡು ಸುರಿದು ನಿಂತಿದ್ದಾಗ ಫರ್ಹಾನ್ ಬಂದ. ಫರ್ಹಾನ್ ನೂಲು ತೆಗೆಸುವ ರೀಲರ್. ಆರು ವರ್ಷದಿಂದ ಹನುಮಂತಯ್ಯನ ಗೂಡು ಹೆಚ್ಚಾಗಿ ಅವನೇ ಹರಾಜಿನಲ್ಲಿ ಕೂಗುವುದು. ಒಂದು ಹಿಡಿ ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಬೆರಳಲ್ಲಿ ಒತ್ತಿ ನೋಡಿದ. ಆಮೇಲೆ ಹನುಮಂತಯ್ಯನ ಮುಖ ನೋಡಿ, ಏನಾಯಿತು ಎಂದು ಕೇಳಿದ. ಹನುಮಂತಯ್ಯ ಕಾರಿನ ಕಥೆ ಹೇಳಿದ. ಫರ್ಹಾನ್ ನಕ್ಕುಬಿಟ್ಟ. ನಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಅಣ್ಣಾ, ಎಂದ. ಆ ಹಾಳೆಯ ಒಂದು ಪ್ರತಿ ಅವನ ಮನೆಯಲ್ಲೂ ಇತ್ತು. ಅವನ ತಂಗಿ ಆಯಿಷಾ ಬಿಡದಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದಾಳೆ. ಬಂದ ಅರ್ಜಿಗಳನ್ನು ನೋಡಿ ಯಾರನ್ನು ಕರೆಯಬೇಕು ಎಂದು ಆರಿಸುವುದೇ ಅವಳ ಕೆಲಸ. ಭಾನುವಾರ ರಜೆ ಇರುತ್ತದೆ, ಮಗಳನ್ನು ನಮ್ಮ ಮನೆಗೆ ಕರೆದುಕೊಂಡು ಬನ್ನಿ ಎಂದ.

ಭಾನುವಾರ ಅಪ್ಪ ಮಗಳು ಬಸ್ಸು ಹತ್ತಿದರು. ಹನುಮಂತಯ್ಯ ಎರಡು ಚೀಲ ಹೊತ್ತಿದ್ದ. ಒಂದರಲ್ಲಿ ಅವರೆಕಾಯಿ, ಒಂದರಲ್ಲಿ ರಾಗಿ. ಕೆಲಸ ಕೊಡಿಸುವವರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅವನ ನಂಬಿಕೆ.

ಆಯಿಷಾ ಚೀಲ ನೋಡಿದಳು. ಅವಳ ಅಮ್ಮ ಅವರೆಕಾಯಿಯನ್ನು ಆಗಲೇ ಒಳಗೆ ತೆಗೆದುಕೊಂಡು ಹೋಗಿಯಾಗಿತ್ತು.

"ಅಂಕಲ್, ಮೊದ್ಲೇ ಹೇಳ್ಬಿಡ್ತೀನಿ. ನಾನು ಕೆಲ್ಸ ಕೊಡಿಸಲ್ಲ. ಅದು ನನ್ನ ಕೈಲಿಲ್ಲ. ಕೆಲ್ಸ ಹುಡುಕೋದು ಹೆಂಗೆ ಅಂತ ಬೇಕಾದ್ರೆ ಹೇಳಿಕೊಡ್ತೀನಿ. ಆಗಬಹುದಾ? ಇಲ್ಲ ಅಂದ್ರೆ ಅವರೆಕಾಯಿ ವಾಪಸ್ ಕೊಡಿಸ್ತೀನಿ."

ನವ್ಯಶ್ರೀ ಬಹಳ ದಿನದ ಮೇಲೆ ನಕ್ಕಳು. ಹನುಮಂತಯ್ಯನ ಮುಖ ಮಾತ್ರ ಇಳಿದುಹೋಯಿತು. "ಹುಡುಕೋದ್ರಲ್ಲಿ ಹೇಳ್ಕೊಡಾದು ಏನೈತವ್ವಾ? ಗೊತ್ತಿರೋರು ಒಂದು ಮಾತು ಹೇಳುದ್ರೆ ಆಯ್ತದೆ. ಹೇಳೋರಿಲ್ಲ ಅಂದ್ರೆ ಆಗಾಕಿಲ್ಲ. ಲೋಕ ನಡಿಯಾದೇ ಅಂಗೆ," ಎಂದ.

ಆಯಿಷಾ ವಾದಿಸಲಿಲ್ಲ. ಹಾಗೆ ಸಿಗುವ ಕೆಲಸಗಳೂ ಇವೆ ಎಂದು ಒಪ್ಪಿಕೊಂಡಳು. ಆದರೆ ನಿಮಗೆ ಅಂಥವರು ಯಾರೂ ಸಿಕ್ಕಿಲ್ಲ, ಎರಡೂವರೆ ವರ್ಷ ಹೋಯಿತು, ಇನ್ನು ಬೇರೆ ದಾರಿ ನೋಡಬೇಕಲ್ಲವೇ ಎಂದಳು. ಆಮೇಲೆ ಹಾಳೆಯನ್ನು ಟೀಪಾಯಿಯ ಮೇಲೆ ಹರಡಿದಳು. ಒಂದು ಜಾಗ ಖಾಲಿ ಇದೆ ಎಂದರೆ ತನ್ನ ಮುಂದೆ ಇನ್ನೂರು ಅರ್ಜಿ ಬೀಳುತ್ತವೆ, ಒಂದೊಂದಕ್ಕೆ ಅರ್ಧ ನಿಮಿಷ ಸಿಗುತ್ತದೆ, ಅಷ್ಟರಲ್ಲಿ ತಾನು ಹುಡುಕುವುದು ಒಂದೇ ಸಂಗತಿ, ಈ ವ್ಯಕ್ತಿಗೆ ಏನು ಮಾಡಲು ಬರುತ್ತದೆ ಎಂದು ವಿವರಿಸಿದಳು. ಹಾಗೆ ಹೇಳಿ ಪೆನ್ನು ಹಿಡಿದು ಒಂದೊಂದೇ ಸಾಲನ್ನು ಓದಿದಳು.

"ಕನ್ಯಾ ರಾಶಿ. ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?" ಆ ಸಾಲು ಹೊಡೆದಳು. "ಎರಡು ಎಕರೆ ಮೂವತ್ತು ಗುಂಟೆ. ನಾನು ಕೆಲ್ಸ ಕೊಡಬೇಕಾಗಿರೋದು ಹುಡುಗಿಗಾ, ಜಮೀನಿಗಾ?" ಅದನ್ನೂ ಹೊಡೆದಳು.

"ಎಂಥಾ ಮನೆ ಮಗಳು ಅಂತ ಗೊತ್ತಾಗ್ಬೇಕಲ್ಲವ್ವಾ," ಎಂದ ಹನುಮಂತಯ್ಯ. ಅವನಿಗೆ ಸ್ವಲ್ಪ ಕೋಪವೂ ಬಂದಿತ್ತು.

"ಮಂಗಳವಾರ ನಮ್ಮಣ್ಣ ನಿಮ್ಮ ಜಾಲರಿ ಹತ್ರ ಬಂದ್ನಲ್ಲ. ಜಮೀನು ಎಷ್ಟೈತೆ ಅಂತ ಕೇಳಿದ್ನಾ?"

"ಇಲ್ಲ."

"ಮತ್ತೆ ಏನು ಮಾಡ್ದ?"

"ಒಂದು ಹಿಡಿ ಗೂಡು ತಗಂಡು ಅಲ್ಲಾಡ್ಸಿ ನೋಡ್ದ."

"ನಾವೂ ಅಷ್ಟೇ ಅಂಕಲ್. ಕೈಗೆ ಗೂಡು ಕೊಡಿ ಅಂತೀವಿ. ನೀವು ಗೂಡು ತಂದ ಚೀಲ ತೋರಿಸ್ತಾ ಇದ್ದೀರ."

ಹನುಮಂತಯ್ಯ ತಲೆದೂಗಿದ. ಇಪ್ಪತ್ತೈದು ವರ್ಷದಿಂದ ಆ ಮಾರುಕಟ್ಟೆಯಲ್ಲಿ ನಿಂತವನು. ಈ ಮಾತು ಅವನಿಗೆ ಬೇರೆ ಯಾವ ರೀತಿಯಲ್ಲಿ ಹೇಳಿದ್ದರೂ ಅರ್ಥವಾಗುತ್ತಿರಲಿಲ್ಲ.

ಆಯಿಷಾ ನವ್ಯಶ್ರೀಯ ಕಡೆ ತಿರುಗಿ, ನಿನಗೆ ಏನು ಬರುತ್ತದೆ ಹೇಳು ಎಂದಳು. ನವ್ಯಶ್ರೀ ತಲೆ ತಗ್ಗಿಸಿದಳು. "ಏನೂ ಇಲ್ಲಕ್ಕ. ಕಾಲೇಜು ಮುಗುದ್ಮೇಲೆ ಮನೇಲೇ ಇದೀನಿ."

ಅಪ್ಪನಿಗೆ ಅದನ್ನು ಕೇಳಿ ತಡೆಯಲಾಗಲಿಲ್ಲ.

"ಏನಂದೆ? ಏನೂ ಇಲ್ವಾ? ಇವ್ಳು ಓದ್ತಾ ಇದ್ದಾಗ ನಮ್ಗೆ ವರ್ಷಕ್ಕೆ ಒಂದು ಬೆಳೆ ಹಾಲುತೊಂಡೆ ರೋಗ ಬಂದು ಹೋಯ್ತಿತ್ತು ಕಣವ್ವಾ. ಇವಳು ಬಂದು ಹುಳುಮನೆ ಬಾಗಿಲಿಗೆ ಒಂದು ಚಾರ್ಟ್ ಅಂಟ್ಸುದ್ಲು. ದಿನಕ್ಕೆ ಮೂರು ಸಲ ಬಿಸಿ ಎಷ್ಟು, ತೇವ ಎಷ್ಟು ಅಂತ ಬರಿತಾಳೆ. ಮಂಕಾಗಿರೋ ಹುಳ ನಂಗಿಂತ ಎರಡು ದಿನ ಮೊದ್ಲೇ ಗುರ್ತು ಹಿಡಿತಾಳೆ. ಹನ್ನೊಂದು ಬೆಳೆ ಆಯ್ತು. ಒಂದೂ ಕೆಟ್ಟಿಲ್ಲ. ಡೇರಿ ಸೆಕ್ರೆಟರಿ ಕಾಲು ಮುರ್ಕಂಡಾಗ ನಾಲ್ಕು ತಿಂಗ್ಳು ಹಾಲು ಟೆಸ್ಟ್ ಮಾಡ್ದೋಳು ಇವ್ಳೇಯ."

ಆಯಿಷಾ ಹಾಳೆಯನ್ನು ಅವನ ಕಡೆ ತಿರುಗಿಸಿ ಇಟ್ಟಳು. "ಇದು ಇದರಲ್ಲಿ ಎಲ್ಲೈತೆ ಅಂಕಲ್?"

ಅವನು ಹಾಳೆಯನ್ನೇ ನೋಡಿದ. ಅರವತ್ತು ಪ್ರತಿ ತೆಗೆಸಿದ ಹಾಳೆಯಲ್ಲಿ ಅವನ ಮಗಳು ಇರಲೇ ಇಲ್ಲ. ಅವನಿದ್ದ, ಅವನ ತೋಟವಿತ್ತು, ಬೋರ್‌ವೆಲ್ ಇತ್ತು.

ಮುಂದಿನ ಒಂದು ಗಂಟೆ ಆಯಿಷಾ ಹೇಳಿದ್ದನ್ನು ನವ್ಯಶ್ರೀ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೊನೆಗೆ ಹೊರಡುವಾಗ ಆಯಿಷಾ, ಈ ಫೋನ್ ನಂಬರ್ ಯಾರದ್ದು ಎಂದು ಕೇಳಿದಳು. ನನ್ನದೇ ಎಂದ ಹನುಮಂತಯ್ಯ. ಇದುವರೆಗೆ ಯಾರೂ ಕರೆ ಮಾಡಲಿಲ್ಲವೇ ಎಂದು ಕೇಳಿದಾಗ ಅವನು ಚಪ್ಪಲಿ ಮೆಟ್ಟುತ್ತಾ, ಇಲ್ಲ ಎಂದುಬಿಟ್ಟ.

ವಾಪಸ್ ಬರುವಾಗ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ನವ್ಯಶ್ರೀ ಕಿಟಕಿಯ ಪಕ್ಕ ಕೂತಿದ್ದಳು. ಅರ್ಧ ದಾರಿಯವರೆಗೆ ಅಪ್ಪ ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಚುತ್ತಾ, ಬಿಚ್ಚುತ್ತಾ ಕೂತಿದ್ದ. ಆಮೇಲೆ ಅವಳ ಕಡೆ ನೋಡದೆ ಹೇಳಿದ.

"ಒಬ್ಬ ಮಾಡಿದ್ದ ಕಣ್ಮಗಾ."

"ಏನಪ್ಪಾ?"

"ಫೋನು. ಆಯುಧಪೂಜೆ ಆದ ವಾರ. ಯಾರೋ ಗಂಡಸು. ನವ್ಯಶ್ರೀ ಇದಾರಾ, ಮಾತಾಡ್ಬೇಕು ಅಂದ. ನಾನು ಸೊಪ್ಪು ಕುಯ್ತಾ ಇದ್ದೆ. ನಮ್ಮ ಹುಡುಗಿ ಜೊತೆ ನಿಂಗೇನ್ಲಾ ಮಾತು, ಯಾವೂರೋನು ನೀನು ಅಂತ ಬಯ್ದ್‌ಬುಟ್ಟೆ. ಏನೋ ನೀರು ಟೆಸ್ಟು, ಲ್ಯಾಬು ಅಂತಿದ್ದ. ನಾನು ಇಟ್ಬುಟ್ಟೆ. ನಿಂಗೆ ಹೇಳ್ಲಿಲ್ಲ. ಯಾವನೋ ಪೋಲಿ ಅನ್ಕಂಡೆ. ಇವತ್ತು ಆ ಹುಡುಗಿ ಕೇಳ್ದಾಗ ಗೊತ್ತಾಯ್ತು."

ನವ್ಯಶ್ರೀ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಎರಡೂವರೆ ವರ್ಷದಲ್ಲಿ ಬಂದಿದ್ದ ಒಂದೇ ಒಂದು ಕರೆ ಅದು. ಲ್ಯಾಬಿನಿಂದ ಬಂದಿತ್ತು. ಅವಳು ಕೂಗಾಡಬಹುದಿತ್ತು. ಸಾವನದುರ್ಗದ ಬಂಡೆ ದೂರದಲ್ಲಿ ಕಂಡಿತು. ಅಪ್ಪನ ಕೈ ಇನ್ನೂ ಚೀಲವನ್ನು ಮಡಚುತ್ತಲೇ ಇತ್ತು. ಕೊನೆಗೆ ಅವಳು ಆ ಚೀಲ ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನಂಬರ್ ಐತಾ?"

"ಇಲ್ಲ ಮಗಾ. ಅದರಲ್ಲಿ ಹಳೇದು ಉಳ್ಯಕಿಲ್ಲ."

"ಹೋಗ್ಲಿ ಬುಡಪ್ಪ. ಇನ್ಮೇಲೆ ನನ್ನ ನಂಬರ್ ಹಾಕ್ತೀನಿ."

ಹನುಮಂತಯ್ಯ ಹೂಂ ಎಂದ.

ಹತ್ತು ದಿನದ ಮೇಲೆ ಚಾಕಿ ಹುಳು, ಅಂದರೆ ಬೇರೆ ಕಡೆ ಸಾಕಿ ಕೊಡುವ ಎಳೆಯ ಹುಳು, ಬಂದವು. ಎರಡನೇ ಜ್ವರ ದಾಟಿ ಪೊರೆ ಬಿಟ್ಟ ಹುಳು. ಇನ್ನು ಗೂಡು ಕಟ್ಟಲು ಇಪ್ಪತ್ತು ದಿನವೂ ಇರಲಿಲ್ಲ. ಅವಳು ಹೇಳಿದ್ದ ಒಂದು ಬೆಳೆ ಎಂದರೆ ಅಷ್ಟೇ.

ಆ ಹತ್ತು ದಿನವನ್ನು ಅವಳು ವ್ಯರ್ಥ ಮಾಡಿರಲಿಲ್ಲ. ಮೊದಲು ಹೊಸ ಬಯೋಡೇಟಾ ಬರೆದಿದ್ದಳು. ಒಂದೇ ಪುಟ. ಮೇಲೆ ಹೆಸರು, ತನ್ನ ಫೋನ್ ನಂಬರ್, ಇಮೇಲ್. ಅದರ ಕೆಳಗೆ ಮಾಡಿದ ಕೆಲಸ, ಅಂಕಿ ಸಮೇತ. ಓದು ಆಮೇಲೆ. ರಾಶಿ, ನಕ್ಷತ್ರ, ಜಾತಿ, ಎತ್ತರ, ಬಣ್ಣ, ಜಮೀನು ಯಾವುದೂ ಇಲ್ಲ. ನರಸಿಂಹಸ್ವಾಮಿಯನ್ನು ತೆಗೆದದ್ದಕ್ಕೆ ಕಾವೇರಮ್ಮ ಸ್ವಲ್ಪ ಗೊಣಗಿದಳು. ದೇವರನ್ನು ಮನೆಯಲ್ಲಿ ಕೇಳಿಕೊಳ್ಳೋಣ ಅಮ್ಮ, ಆಫೀಸಿನವರಿಗೆ ನನ್ನ ವಿಷಯ ಸಾಕು ಎಂದಳು ಮಗಳು.

ಒಂದೇ ಹಾಳೆಯನ್ನು ಎಲ್ಲರಿಗೂ ಕಳಿಸಬೇಡ ಎಂದು ಆಯಿಷಾ ಹೇಳಿದ್ದಳು. ಹಾಗಾಗಿ ಹಾಲಿನ ಪದಾರ್ಥ ಮಾಡುವ ಘಟಕಕ್ಕೆ ಬರೆಯುವಾಗ ಡೇರಿಯ ನಾಲ್ಕು ತಿಂಗಳು ಮೇಲಿನ ಸಾಲಿಗೆ ಬಂತು. ರೇಷ್ಮೆ ಮೊಟ್ಟೆ ತಯಾರಿಸುವವರಿಗೆ ಬರೆಯುವಾಗ ಹುಳುಮನೆ ಮೇಲೆ ಬಂತು. ಲ್ಯಾಬಿಗೆ ಬರೆಯುವಾಗ ಕಾಲೇಜಿನಲ್ಲಿ ಮಾಡಿದ ಪ್ರಯೋಗಗಳು ಮೇಲೆ ಬಂದವು. ಸುಳ್ಳು ಒಂದೂ ಇರಲಿಲ್ಲ. ಸಾಲುಗಳ ಕ್ರಮ ಮಾತ್ರ ಬದಲಾಗುತ್ತಿತ್ತು.

ಹುಳುಮನೆಯ ಬಾಗಿಲ ಮೇಲೆ ಹಳೆಯ ಚಾರ್ಟಿನ ಪಕ್ಕ ಇನ್ನೊಂದು ಚಾರ್ಟ್ ಬಂತು. ಎಲ್ಲಿಗೆ ಬರೆದೆ, ಯಾವ ಕೆಲಸ, ಯಾವ ತಾರೀಕು, ಯಾರ ಜೊತೆ ಮಾತಾಡಿದೆ, ಏನಂದರು, ಮತ್ತೆ ಯಾವಾಗ ಕೇಳಬೇಕು. ಹುಳುವಿಗೆ ಸೊಪ್ಪು ಹಾಕುವ ವೇಳೆ ತಪ್ಪಿಸದವಳು ಇದನ್ನೂ ತಪ್ಪಿಸಲಿಲ್ಲ. ದಿನಕ್ಕೆ ಎರಡೇ ಅರ್ಜಿ. ಆದರೆ ಬರೆಯುವ ಮೊದಲು ಅಲ್ಲಿ ಏನು ಕೆಲಸ ನಡೆಯುತ್ತದೆ ಎಂದು ತಿಳಿದುಕೊಳ್ಳುತ್ತಿದ್ದಳು. ಪರಿಚಯದವರಿಗೆ ಫೋನ್ ಮಾಡಿ ನನಗೊಂದು ಕೆಲಸ ಕೊಡಿಸಿ ಎಂದು ಕೇಳುವುದನ್ನು ಬಿಟ್ಟಳು. ನೀವಿರುವ ಕಡೆ ಲ್ಯಾಬಿನ ಕೆಲಸಕ್ಕೆ ಯಾವಾಗ ಜನ ತೆಗೆದುಕೊಳ್ಳುತ್ತಾರೆ, ಯಾರಿಗೆ ಬರೆಯಬೇಕು ಎಂದು ಕೇಳಿದಳು. ಕೆಲಸ ಕೊಡಿಸಿ ಎಂದಾಗ ನುಣುಚಿಕೊಳ್ಳುತ್ತಿದ್ದ ಜನ ಇದಕ್ಕೆ ಉತ್ತರ ಕೊಟ್ಟರು. ಉತ್ತರ ಕೊಡಲು ಅವರಿಗೆ ಖರ್ಚೇನೂ ಇರಲಿಲ್ಲ.

ಎಲ್ಲ ಸಲೀಸಾಗಿ ಆಯಿತು ಎಂದು ಬರೆದರೆ ಅದು ಸುಳ್ಳು. ಒಂದು ಕಡೆಯಿಂದ ವಾಟ್ಸಾಪಿನಲ್ಲಿ ನೇಮಕಾತಿ ಪತ್ರವೇ ಬಂತು. ಸಂದರ್ಶನವೂ ಇಲ್ಲ, ಮುಖವೂ ನೋಡಿಲ್ಲ. ನೋಂದಣಿಗೆ ಎರಡು ಸಾವಿರದ ಐನೂರು ರೂಪಾಯಿ ಕಳಿಸಿ ಎಂದಿತ್ತು. ಹನುಮಂತಯ್ಯ ದುಡ್ಡು ತರಲು ಎದ್ದೇಬಿಟ್ಟ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಕೇಳುವುದಿಲ್ಲ ಎಂದು ಮಗಳು ಅವನನ್ನು ಕೂರಿಸಿದಳು.

ಹಾಲಿನ ಘಟಕದವರು ಸಂದರ್ಶನಕ್ಕೆ ಕರೆದರು. ಹೋದಳು. ನಿಮ್ಮ ಬಗ್ಗೆ ಹೇಳಿ ಎಂದರು. ಎಸ್ಸೆಸ್ಸೆಲ್ಸಿಯಿಂದ ಹಿಡಿದು ತನ್ನ ಅಂಕಗಳನ್ನು ಒಪ್ಪಿಸಿ ಸುಮ್ಮನಾದಳು. ಆಯ್ಕೆಯಾಗಲಿಲ್ಲ. ಮೊದಲಾಗಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದಳು. ಈಗ ಫೋನ್ ಮಾಡಿ, ಎಲ್ಲಿ ಕಡಿಮೆಯಾಯಿತು ಹೇಳಿದರೆ ತಿದ್ದಿಕೊಳ್ಳುತ್ತೇನೆ ಎಂದು ಕೇಳಿದಳು. ಆ ಕಡೆಯವರು, ನೀವು ಏನು ಮಾಡಿದ್ದೀರಿ ಎಂದು ನಿಮ್ಮ ಬಾಯಿಂದ ಬರಲೇ ಇಲ್ಲ ಎಂದರು.

ಅವತ್ತಿನಿಂದ ಸೊಪ್ಪು ಹಾಕುವಾಗ ಕಾವೇರಮ್ಮ ಮ್ಯಾನೇಜರ್ ಆದಳು. ಸೆರಗು ಸಿಕ್ಕಿಸಿಕೊಂಡು ಗಂಭೀರವಾಗಿ ಪ್ರಶ್ನೆ ಕೇಳುತ್ತಿದ್ದಳು.

"ನಿಮ್ಮ ಬಗ್ಗೆ ಹೇಳಿ."

ನವ್ಯಶ್ರೀ ಹೇಳುತ್ತಿದ್ದಳು. ಕಾವೇರಮ್ಮ ಕೇಳಿಸಿಕೊಂಡು, "ನಂಗೇ ಕೇಳಿಸ್ಲಿಲ್ಲ. ಹುಳ ಸೊಪ್ಪು ತಿನ್ನೋ ಸದ್ದು ನಿನ್ನ ಮಾತಿಗಿಂತ ಜೋರೈತೆ. ಇನ್ನೊಂದ್ಸಲ ಹೇಳಮ್ಮಣ್ಣಿ," ಎನ್ನುತ್ತಿದ್ದಳು.

ಇನ್ನು ಆ ನೀರಿನ ಲ್ಯಾಬು. ಅಪ್ಪನಿಗೆ ನೆನಪಿದ್ದದ್ದು ಎರಡೇ ಮಾತು, ನೀರು ಮತ್ತು ಲ್ಯಾಬು. ಅವಳು ಅಷ್ಟನ್ನೇ ಹಿಡಿದು ರಾಮನಗರ, ಕನಕಪುರ, ಚನ್ನಪಟ್ಟಣದ ಕಡೆ ನೀರು ಪರೀಕ್ಷಿಸುವ ಲ್ಯಾಬುಗಳು ಯಾವುವು ಎಂದು ಹುಡುಕಿದಳು. ಮೂರು ಸಿಕ್ಕವು. ಮೂರಕ್ಕೂ ಬರೆದಳು. ಒಂದು ವಾರ ಕಾದು ಮೂರಕ್ಕೂ ಫೋನ್ ಮಾಡಿದಳು. ಒಂದರಲ್ಲಿ ಜಾಗ ಇಲ್ಲ ಎಂದರು. ಇನ್ನೊಂದರ ನಂಬರ್ ಚಾಲ್ತಿಯಲ್ಲಿರಲಿಲ್ಲ. ಮೂರನೆಯದು ರಾಮನಗರದಲ್ಲೇ, ಕನಕಪುರ ರಸ್ತೆಯಲ್ಲಿತ್ತು. ಅಲ್ಲಿನ ಮುಖ್ಯಸ್ಥೆ ನಯನಾ ಎನ್ನುವವರು ಫೋನ್ ತೆಗೆದರು. ನವ್ಯಶ್ರೀ ಹೆಸರು ಹೇಳಿ, ಅಕ್ಟೋಬರಿನಲ್ಲಿ ನಿಮ್ಮ ಕಡೆಯಿಂದ ಯಾರಾದರೂ ಕರೆ ಮಾಡಿದ್ದರೇ ಎಂದು ಕೇಳಿದಳು.

"ಓ, ಅದು ನೀವಾ? ನಮ್ಮ ಹುಡುಗ ಬೈಸ್ಕೊಂಡು ಬಂದು ಆ ನಂಬರಿಗೆ ಇನ್ನು ಮಾಡಲ್ಲ ಅಂದಿದ್ದ."

"ನಮ್ಮಪ್ಪ ಮೇಡಂ. ಸಾರಿ. ಅವರಿಗೆ ಗೊತ್ತಿರ್ಲಿಲ್ಲ."

ನಯನಾ ನಕ್ಕರು. ಆದರೆ ಆ ಜಾಗ ಎಂದೋ ತುಂಬಿತ್ತು. ಈಗ ಏನೂ ಇಲ್ಲ, ಹತ್ತು ದಿನ ಬಿಟ್ಟು ಕೇಳಿ ಎಂದರು. ಜನ ಹೀಗೆ ಹೇಳುವುದು ಬಹಳ ಸಲ ಫೋನ್ ಇಡುವುದಕ್ಕೆ. ನವ್ಯಶ್ರೀಗೂ ಅದು ಗೊತ್ತಿತ್ತು. ಆದರೂ ಚಾರ್ಟಿನಲ್ಲಿ ತಾರೀಕು ಬರೆದಳು. ಹತ್ತನೆಯ ದಿನ ಬೆಳಿಗ್ಗೆ ಸೊಪ್ಪು ಹಾಕಿ ಕೈ ತೊಳೆದು ಫೋನ್ ಮಾಡಿದಳು. ನಾಳೆ ಬನ್ನಿ, ನೋಡೋಣ ಎಂದರು.

ಅಲ್ಲಿ ಅಂಕ ಯಾರೂ ಕೇಳಲಿಲ್ಲ. ಅಳತೆ ಮಾಡಿದಾಗ ಅನುಮಾನ ಬಂದರೆ ಏನು ಮಾಡುತ್ತೀರಿ ಎಂದು ನಯನಾ ಕೇಳಿದರು. ನವ್ಯಶ್ರೀ ಹುಳುಮನೆಯ ಒಂದು ಸಂಗತಿ ಹೇಳಿದಳು. ಹೋದ ಚಳಿಗಾಲದಲ್ಲಿ ಎರಡು ದಿನ ಮೀಟರ್ ಬಿಸಿ ಹೆಚ್ಚು ತೋರಿಸುತ್ತಿತ್ತು, ಹುಳು ನೋಡಿದರೆ ಹಾಗೆ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಮೀಟರ್ ತಂದು ನೋಡಿದಳು. ತನ್ನ ಮೀಟರನ್ನು ಹುಳು ಬೆಚ್ಚಗಿಡಲು ಹಾಕಿದ್ದ ಒಲೆಯ ಹತ್ತಿರ ನೇತುಹಾಕಿದ್ದು ತಪ್ಪಾಗಿತ್ತು. ಜಾಗ ಬದಲಾಯಿಸಿದಳು. ಆ ಎರಡು ದಿನದ ಅಂಕಿಗಳನ್ನು ಅಳಿಸಲಿಲ್ಲ, ಪಕ್ಕದಲ್ಲಿ ಇದು ತಪ್ಪು ಎಂದು ಬರೆದಳು. ಮೊಬೈಲಿನಲ್ಲಿದ್ದ ಚಾರ್ಟಿನ ಫೋಟೋ ತೋರಿಸಿದಳು. ನಯನಾ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ತಿಳಿಸುತ್ತೇವೆ ಎಂದರು.

ನಾಲ್ಕು ದಿನವಾದರೂ ತಿಳಿಸಲಿಲ್ಲ. ಐದನೆಯ ದಿನ ಹುಳು ಹಣ್ಣಾದವು, ಗೂಡು ಕಟ್ಟಲು ತಯಾರಾದವು.

ಹುಳು ಹಣ್ಣಾದ ದಿನ ರೇಷ್ಮೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಕೂರುವುದಿಲ್ಲ. ಹಣ್ಣಾದವನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಹಾಳು. ಗಂಗಯ್ಯನೂ ಬಂದು ಕೈ ಹಾಕಿದ್ದ. ಬಾಯಿ ಜೋರಾದರೂ ಇಂಥ ದಿನ ಕರೆಯದೆಯೇ ಬರುವವನು ಅವನು. ನವ್ಯಶ್ರೀಯ ಬೊಗಸೆ ತುಂಬ ಹುಳು. ಅವಳು ಹೇಳಿದ್ದ ಒಂದು ಬೆಳೆ ಇನ್ನು ನಾಲ್ಕೈದು ದಿನಕ್ಕೆ ಮುಗಿಯುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಅದು ನೆನಪಿತ್ತು.

ಆಗ ಕಿಟಕಿಯ ಮೇಲಿದ್ದ ಅವಳ ಫೋನ್ ಬಡಿದುಕೊಂಡಿತು. ಹೆಸರಿಲ್ಲದ ನಂಬರ್.

ಫೋನಿನ ಹತ್ತಿರ ಇದ್ದವನು ಹನುಮಂತಯ್ಯ. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಫೋನ್ ತೆಗೆದುಕೊಂಡ. ಗಂಗಯ್ಯ ಅವನ ಮುಖ ನೋಡಿದ, ಕಾವೇರಮ್ಮ ನೋಡಿದಳು. ಹನುಮಂತಯ್ಯ ಹಲೋ ಎನ್ನಲಿಲ್ಲ. ಯಾವೂರು ಎಂದು ಕೇಳಲಿಲ್ಲ. ಹಸಿರು ಗುಂಡಿಯನ್ನು ಎಳೆದು, ಹುಳುವಿನ ತಟ್ಟೆಗಳ ನಡುವೆ ಹುಷಾರಾಗಿ ನಡೆದು ಬಂದು, ಮಗಳ ಕಿವಿಗೆ ಹಿಡಿದು ನಿಂತ.

"ಹೌದು ಮೇಡಂ," ಎಂದಳು ಅವಳು. ಹುಳು ಸೊಪ್ಪು ತಿನ್ನುವ ಸದ್ದಿಗಿಂತ ಜೋರಾಗಿಯೇ ಹೇಳಿದಳು. "ನಾನೇ ನವ್ಯಶ್ರೀ ಮಾತಾಡ್ತಾ ಇರೋದು."

ನೀರಿನ ಲ್ಯಾಬಿನಲ್ಲಿ ಮೊದಲು ಆರು ತಿಂಗಳ ತರಬೇತಿ. ಸಂಬಳ ದೊಡ್ಡದೇನಲ್ಲ. ಚೆನ್ನಾಗಿ ಮಾಡಿದರೆ ಮುಂದುವರಿಸುತ್ತಾರೆ. ಬೆಳಿಗ್ಗೆ ಏಳೂಮುಕ್ಕಾಲರ ಬಸ್ಸಿಗೆ ಹೋಗಿ ಸಂಜೆ ಆರೂವರೆಗೆ ಬರುತ್ತಾಳೆ. ಹುಳುಮನೆಯ ಚಾರ್ಟನ್ನು ಈಗ ಹನುಮಂತಯ್ಯ ಬರೆಯುತ್ತಾನೆ. ಸಂಜೆ ಅವಳು ಬಂದು ತಪ್ಪು ತೋರಿಸುತ್ತಾಳೆ. ಮೊನ್ನೆ ಗಂಗಯ್ಯ ತನ್ನ ಮಗ ಅನಂತರಾಜುವಿನ ಬಯೋಡೇಟಾ ತಂದು, ನಿನ್ನ ಮಗಳ ಲ್ಯಾಬಿನಲ್ಲಿ ಕೊಡಲಾ ಎಂದ. ಹನುಮಂತಯ್ಯ ಕನ್ನಡಕ ಹಾಕಿಕೊಂಡು ನೋಡಿದ. ಮೊದಲ ಸಾಲಿನಲ್ಲಿ ಸಿಂಹ ರಾಶಿ ಇತ್ತು. "ಮೊದ್ಲು ಪೆನ್ನು ತತ್ತಾ ಹೋಗ್ಲಾ," ಎಂದ.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯ ಬೀರುವಿನಲ್ಲೂ ಅಂಥ ಹಾಳೆ ಇರಬಹುದು. ಇವತ್ತೇ ತೆಗೆದು ಓದಿ. ಅದರಲ್ಲಿ ನಿಮ್ಮ ಮಗ ಇದ್ದಾನಾ, ಮಗಳು ಇದ್ದಾಳಾ, ಇಲ್ಲ ನೀವೇ ಇದ್ದೀರಾ ನೋಡಿ. ರಾಶಿ ಹೊಡೆದುಹಾಕಿ, ಮಾಡಿದ ಕೆಲಸ ಬರೆಸಿ. ಮನೆಯಲ್ಲಿ ಮಾಡಿದ್ದೂ ಕೆಲಸವೇ. ಕೆಲಸ ಹುಡುಕುತ್ತಿರುವವರೇ, ನೂರು ಕಡೆ ಒಂದೇ ಹಾಳೆ ಎಸೆಯಬೇಡಿ. ಹತ್ತು ಕಡೆ ತಿಳಿದು ಬರೆಯಿರಿ, ತಾರೀಕು ಗುರುತು ಹಾಕಿಕೊಳ್ಳಿ, ಮತ್ತೆ ಕೇಳಿ. ಇಲ್ಲ ಎಂದರೆ ಯಾಕೆ ಎಂದು ಕೇಳಿ. ಕೆಲಸಕ್ಕಾಗಿ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಇಷ್ಟೆಲ್ಲ ಮಾಡಿದರೂ ತಡವಾಗಬಹುದು, ಆಗುತ್ತದೆ. ಆದರೆ ಯಾವುದೂ ಮಾಡದೆ ಕಾಯುವುದಕ್ಕಿಂತ ಬೇಗ ಆಗುತ್ತದೆ.

ಕೊನೆಯದಾಗಿ, ಮಗಳಿಗೆ ಫೋನು ಬಂದರೆ ಅವಳ ಕೈಗೆ ಕೊಡಿ. ಅವಳ ಕೈಗೆ ಬಿಡುವಿಲ್ಲದಿದ್ದರೆ ಕಿವಿಗೆ ಹಿಡಿದು ನಿಲ್ಲಿ. ಮಾತು ಅವಳೇ ಆಡುತ್ತಾಳೆ.